ಆಕ್ಸಿಜನ್ ಕಡಿಮೆಯಾದಾಗ ಉಸಿರು ಎಷ್ಟು ಏರುತ್ತದೆ? ಅಳೆಯೋದು ಹೀಗೆ

ಮಂಗಳೂರಿನಲ್ಲಿ ಕೂತೇ ಒಬ್ಬರಿಗೆ ಲೇಹ್‌ನ ಗಾಳಿ ಕುಡಿಸಬಹುದು. ಸಮುದ್ರ ಮಟ್ಟದ ಗಾಳಿಯಲ್ಲಿ ಆಕ್ಸಿಜನ್ ಹತ್ತಿರಹತ್ತಿರ 21%. ಅದನ್ನು ನೈಟ್ರೋಜನ್ ಸೇರಿಸಿ 13%ಕ್ಕೆ ಇಳಿಸಿದರೆ ಸುಮಾರು 3500 ಮೀಟರ್ ಎತ್ತರಕ್ಕೆ ಹೋದ ಹಾಗೆ. ಅಷ್ಟು ಸುಲಭ. ಕಷ್ಟ ಇರೋದು ಆಮೇಲೆ, ಆ ಗಾಳಿಗೆ ಉಸಿರಾಟ ಎಷ್ಟು ಏರಿತು ಅಂತ ನಂಬೋ ಹಾಗೆ ಅಳೆಯೋದರಲ್ಲಿ.

ಇದನ್ನು ಬರೆಯುತ್ತಿರೋದು ಮುಖ್ಯವಾಗಿ ಮಂಗಳೂರು, ಮಣಿಪಾಲ ಕಡೆ ಫಿಸಿಯಾಲಜಿ, ರೆಸ್ಪಿರೇಟರಿ ಥೆರಪಿ, ಸ್ಪೋರ್ಟ್ಸ್ ಸೈನ್ಸ್ ಓದುತ್ತಿರುವವರಿಗೆ. ಪ್ರಾಜೆಕ್ಟ್ ಅಂತ ಈ ವಿಷಯ ತೆಗೆದುಕೊಂಡು, ಲ್ಯಾಬಿನಲ್ಲಿ ಇರುವ ಸಾಮಾನು ನೋಡಿ ತಲೆ ಕೆರೆದುಕೊಳ್ಳುವವರು ಪ್ರತಿ ವರ್ಷ ಇರುತ್ತಾರೆ. ಟ್ರೆಕ್ಕಿಂಗ್ ಹುಚ್ಚಿನವರೂ ಓದಿ, ಬೇಡ ಅನ್ನೋದಿಲ್ಲ. ಆದರೆ ಇದು ಮನೆಯಲ್ಲಿ ಮಾಡುವ ಕೆಲಸ ಅಲ್ಲ ಮಾರಾಯ್ರೆ. ಪ್ಲಾಸ್ಟಿಕ್ ಚೀಲ, ನೈಟ್ರೋಜನ್ ಸಿಲಿಂಡರ್, ಕೈಗೊಂದು ಆಕ್ಸಿಮೀಟರ್ ಅಂತ ಗೆಳೆಯರು ಸೇರಿ ನೋಡುವ ತಮಾಷೆ ಇದಲ್ಲವೇ ಅಲ್ಲ. ಯಾಕೆ ಅನ್ನೋದು ಮುಂದೆ ಬರುತ್ತದೆ.

ನಾವು ಅಳೆಯೋಕೆ ಹೊರಟಿರೋದು ಏನನ್ನು? ದವಡೆಯ ಕೆಳಗೆ, ಕತ್ತಿನ ಪಕ್ಕಕ್ಕೆ ಬೆರಳಿಟ್ಟರೆ ನಾಡಿ ಬಡಿಯುತ್ತದಲ್ಲ, ಆ ರಕ್ತನಾಳ ಎರಡಾಗಿ ಕವಲೊಡೆಯುವ ಜಾಗದಲ್ಲಿ ಅಕ್ಕಿ ಕಾಳಿನಷ್ಟಿರುವ ಕರೋಟಿಡ್ ಬಾಡಿ ಕೂತಿರುತ್ತದೆ. ಎರಡೂ ಬದಿಗೆ ಒಂದೊಂದು. ರಕ್ತದಲ್ಲಿ ಆಕ್ಸಿಜನ್ ಇಳಿದಾಗ ಮೆದುಳಿಗೆ ಸುದ್ದಿ ಮುಟ್ಟಿಸಿ ಉಸಿರು ಏರಿಸೋದು ಇದೇ. ಈ ಕೆಲಸಕ್ಕೇ ಬೆಲ್ಜಿಯಂನ ಕಾರ್ನೇಲ್ ಹೇಮಾನ್ಸ್ ಅವರಿಗೆ 1938ರ ನೊಬೆಲ್ ಬಂತು. ಅದು ಎಷ್ಟು ಜೋರಾಗಿ ಕೂಗುತ್ತದೆ ಅನ್ನೋದು ಒಬ್ಬೊಬ್ಬರಲ್ಲಿ ಒಂದೊಂದು ಥರ. ಒಂದೇ ವಯಸ್ಸಿನ, ಒಂದೇ ಮೈಕಟ್ಟಿನ ಇಬ್ಬರಲ್ಲೇ ಹಲವು ಪಟ್ಟು ವ್ಯತ್ಯಾಸ ಸಿಗಬಹುದು. ಪರೀಕ್ಷೆ ಹಿಡಿಯಬೇಕಾದ್ದು ಇದನ್ನೇ.

ಮೊದಲು ಕಾರ್ಬನ್ ಡೈಆಕ್ಸೈಡ್ ಹಿಡಿದುಕೊಳ್ಳಿ

ಆಕ್ಸಿಜನ್ ಪರೀಕ್ಷೆಗೆ ಬಂದವರಿಗೆ ಮೊದಲು ಕಾರ್ಬನ್ ಡೈಆಕ್ಸೈಡ್ ಕಥೆ ಹೇಳೋದು ವಿಚಿತ್ರ ಅನಿಸಬಹುದು. ಆದರೆ ಇದು ಗೊತ್ತಿಲ್ಲದೆ ಮಾಡಿದ ಪರೀಕ್ಷೆಯಲ್ಲಿ ಏನೂ ಹುರುಳಿಲ್ಲ.

ಸುಮ್ನೆ ಕೂತಿರುವಾಗ ನಮ್ಮ ಉಸಿರನ್ನು ನಡೆಸೋದು ಕಾರ್ಬನ್ ಡೈಆಕ್ಸೈಡ್, ಆಕ್ಸಿಜನ್ ಅಲ್ಲ. 1905ರಲ್ಲೇ ಹಾಲ್ಡೇನ್ ಮತ್ತು ಪ್ರೀಸ್ಟ್ಲಿ ಇದನ್ನು ತೋರಿಸಿದರು. ರಕ್ತದಲ್ಲಿ ಅದರ ಒತ್ತಡ 40 ಮಿ.ಮೀ. ಪಾದರಸದ ಆಸುಪಾಸು ಇರುವ ಹಾಗೆ ಮೆದುಳು ನೋಡಿಕೊಳ್ಳುತ್ತದೆ. ಈಗ ಕಡಿಮೆ ಆಕ್ಸಿಜನ್ ಕೊಟ್ಟಿರಿ ಅಂದುಕೊಳ್ಳಿ. ಉಸಿರು ಏರುತ್ತದೆ. ಏರಿದ ಉಸಿರು ಕಾರ್ಬನ್ ಡೈಆಕ್ಸೈಡನ್ನು ಹೊರಗೆ ತಳ್ಳುತ್ತದೆ. ಅದು ಇಳಿದ ಕೂಡಲೇ ಮೆದುಳು "ಸಾಕು" ಅನ್ನುತ್ತದೆ. ಒಂದು ಕಡೆ ಆಕ್ಸೆಲರೇಟರ್, ಇನ್ನೊಂದು ಕಡೆ ಬ್ರೇಕ್. ನಿಮಗೆ ಕಾಣೋದು ಎರಡೂ ಸೇರಿ ಉಳಿದ ವೇಗ ಮಾತ್ರ. ಅದು ಸಾಲದು ಅಂತ, ಈ ಎರಡು ಒಂದನ್ನೊಂದು ಗುಣಿಸುತ್ತವೆ ಕೂಡ. ಕಾರ್ಬನ್ ಡೈಆಕ್ಸೈಡ್ ಸ್ವಲ್ಪ ಜಾಸ್ತಿ ಇದ್ದರೆ ಅದೇ ಆಕ್ಸಿಜನ್ ಕೊರತೆಗೆ ಉಸಿರು ಎಷ್ಟೋ ಹೆಚ್ಚು ಏರುತ್ತದೆ, ಚೆನ್ನಾಗಿ ಇಳಿದಿದ್ದರೆ ಕೊರತೆಗೆ ಉಸಿರು ಕೊಡುವ ಉತ್ತರ, ಅಂದರೆ ಆ ಏರಿಕೆ, ಬಹುಪಾಲು ಮಾಯ.

ಹಾಗಾಗಿ ಪರೀಕ್ಷೆಯಲ್ಲಿ ಎರಡು ದಾರಿ. ಉಸಿರು ಏರಿದಂತೆಲ್ಲ ಹೊರಗಿನಿಂದ ಕಾರ್ಬನ್ ಡೈಆಕ್ಸೈಡ್ ಸೇರಿಸಿ ಅದನ್ನು ಅಲುಗಾಡದಂತೆ ಹಿಡಿಯೋದು ಒಂದು, ಇದಕ್ಕೆ ಐಸೋಕ್ಯಾಪ್ನಿಕ್ ಅನ್ನುತ್ತಾರೆ. ಅದರ ಪಾಡಿಗೆ ಇಳಿಯೋಕೆ ಬಿಡೋದು ಇನ್ನೊಂದು, ಅದು ಪಾಯ್ಕಿಲೋಕ್ಯಾಪ್ನಿಕ್. ಕರೋಟಿಡ್ ಬಾಡಿಯ ತಾಕತ್ತು ನೋಡಬೇಕಾದರೆ ಮೊದಲನೆಯದು. ಬೆಟ್ಟದ ಮೇಲೆ ಮನುಷ್ಯನಿಗೆ ನಿಜವಾಗಿ ಏನಾಗುತ್ತದೆ ಅಂತ ನೋಡಬೇಕಾದರೆ ಎರಡನೆಯದು. ಯಾವುದು ಮಾಡಿದಿರಿ ಅಂತ ವರದಿಯಲ್ಲಿ ಬರೆಯದಿದ್ದರೆ ಆ ಅಂಕಿ ಯಾರಿಗೂ ಬೇಡ.

ಮನೆಯಲ್ಲಿ ಯಾಕೆ ಬೇಡ

ಆಕ್ಸಿಜನ್ ಕಡಿಮೆಯಾದಾಗ ಉಸಿರು ಕಟ್ಟಿದ ಹಾಗೆ ಆಗುತ್ತದೆ ಅಂತ ಎಲ್ಲರೂ ನಂಬಿದ್ದಾರೆ. ತಪ್ಪು. ಕಟ್ಟಿದ ಹಾಗೆ ಆಗೋದು ಮುಖ್ಯವಾಗಿ ಕಾರ್ಬನ್ ಡೈಆಕ್ಸೈಡ್ ಸೇರಿಕೊಂಡಾಗ. ಬರೀ ಆಕ್ಸಿಜನ್ ಇಳಿದರೆ ಕೆಲವರಿಗೆ ಹಿತವಾಗಿಯೇ ಇರುತ್ತದೆ, ಸುಮ್ನೆ ನಗು ಬರುತ್ತದೆ, ಆಮೇಲೆ ನೇರ ಪ್ರಜ್ಞೆ ತಪ್ಪುತ್ತದೆ. 1875ರಲ್ಲಿ ಫ್ರಾನ್ಸಿನಲ್ಲಿ ಝೆನಿತ್ ಅನ್ನುವ ಬಲೂನಿನಲ್ಲಿ ಮೂವರು 8000 ಮೀಟರ್ ದಾಟಿ ಹೋದರು. ಜೊತೆಗೆ ಆಕ್ಸಿಜನ್ ಇತ್ತು. ಅದನ್ನು ಬಾಯಿಗೆ ಇಟ್ಟುಕೊಳ್ಳಬೇಕು ಅನ್ನುವ ಹೊತ್ತಿಗೆ ಕೈ ಎತ್ತೋಕೂ ಆಗಲಿಲ್ಲ. ಬದುಕಿ ಬಂದದ್ದು ಟಿಸಾಂಡಿಯೇ ಒಬ್ಬರೇ. ಕೋವಿಡ್ ಕಾಲದಲ್ಲಿ 80% ಸ್ಯಾಚುರೇಶನ್ (ರಕ್ತದ ಹಿಮೋಗ್ಲೋಬಿನ್‌ನಲ್ಲಿ ಆಕ್ಸಿಜನ್ ಹೊತ್ತಿರುವ ಪಾಲು) ಇಟ್ಟುಕೊಂಡು ಫೋನಿನಲ್ಲಿ ಮಾತಾಡುತ್ತಿದ್ದವರನ್ನು ನಾವೇ ಕಂಡಿದ್ದೇವೆ, ಅಲ್ವಾ? ಹಳೇ ಬಾವಿಗೆ ಇಳಿದವರನ್ನು ಎತ್ತೋಕೆ ಹೋದವರೂ ಮೇಲೆ ಬಾರದ ಸುದ್ದಿ ಬೇಸಿಗೆಯಲ್ಲಿ ಬರುತ್ತಲೇ ಇರುತ್ತದೆ. ಪರೀಕ್ಷೆಗೆ ಕೂತವರು "ನಾನು ಆರಾಮ ಇದ್ದೇನೆ" ಅಂತ ಹೆಬ್ಬೆರಳು ಎತ್ತಿದರೆ ಅದಕ್ಕೆ ಬೆಲೆಯೇ ಇಲ್ಲ. ಪರದೆಯ ಮೇಲಿನ ಅಂಕಿಯನ್ನು ಮಾತ್ರ ನಂಬಿ.

ಆದ್ದರಿಂದ ಸಂಸ್ಥೆಯ ಎಥಿಕ್ಸ್ ಕಮಿಟಿ ಒಪ್ಪಿಗೆ ಮೊದಲು. ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಹೊರಡಿಸಿದ 2017ರ ಮಾರ್ಗಸೂಚಿ ಓದಿಕೊಂಡು ಅರ್ಜಿ ಹಾಕಿ. ಒಪ್ಪಿಗೆ ಪತ್ರವನ್ನು ಕೂತವರಿಗೆ ಅರ್ಥವಾಗುವ ಕನ್ನಡದಲ್ಲಿ ಬರೆಯಿರಿ, ತುಳುವಿನಲ್ಲೋ ಕೊಂಕಣಿಯಲ್ಲೋ ಬ್ಯಾರಿಯಲ್ಲೋ ಬಾಯಿಮಾತಲ್ಲಿ ವಿವರಿಸೋಕೆ ಒಬ್ಬರು ಇರಲಿ. ಗರ್ಭಿಣಿಯರು, ಹೃದಯದ ತೊಂದರೆ ಇರುವವರು, ಫಿಟ್ಸ್ ಬರುವವರು, ಸಿಕಲ್ ಸೆಲ್ ಅನ್ನುವ ರಕ್ತದ ಕಾಯಿಲೆ ಇರುವವರು, ಜೋರು ಅಸ್ತಮಾ ಇರುವವರು ಬೇಡ. ಕೋಣೆಯಲ್ಲಿ ಡಾಕ್ಟರ್ ಇರಬೇಕು, 100% ಆಕ್ಸಿಜನ್ ಮಾಸ್ಕ್ ಕೈಗೆಟುಕುವಷ್ಟು ಹತ್ತಿರ ಇರಬೇಕು. ಸ್ಯಾಚುರೇಶನ್ 80% ಮುಟ್ಟಿದರೆ ಪರೀಕ್ಷೆ ಮುಗಿಯಿತು ಅಂತ ಮೊದಲೇ ಬರೆದಿಡಿ. ಮಾಮೂಲಿ ಗಾಳಿಗೆ ತಿರುಗಿಸಿದ ಮೇಲೂ ಅದು ಇನ್ನೊಂದಿಷ್ಟು ಇಳಿಯಬಹುದು. 75% ಕಂಡರೆ ಯೋಚನೆ ಮಾಡೋಕೆ ಹೋಗದೆ ಆಕ್ಸಿಜನ್ ಕೊಡಿ. ಮಳೆಗಾಲದಲ್ಲಿ ಕರೆಂಟು ಯಾವಾಗ ಹೋಗುತ್ತದೋ ಹೇಳೋಕೆ ಬರೋದಿಲ್ಲ, ಮಾನಿಟರ್‌ಗಳೆಲ್ಲ ಯುಪಿಎಸ್ ಮೇಲೆ ಇರಲಿ. ಕಿಟಕಿ ಮುಚ್ಚಿದ ಏಸಿ ಕೋಣೆಯಲ್ಲಿ ನೈಟ್ರೋಜನ್ ಸಿಲಿಂಡರ್ ಸೋರಿದರೆ ನಿಮಗೂ ಅಪಾಯ, ಕೋಣೆಗೂ ಒಂದು ಆಕ್ಸಿಜನ್ ಮೀಟರ್ ಹಾಕಿ.

ಕೂರಿಸೋದು, ಜೋಡಿಸೋದು

ಪರೀಕ್ಷೆಗೆ ಬರುವವರು ಬೆಳಿಗ್ಗೆ ಕಾಫಿ, ಚಹಾ ಕುಡಿದು ಬರಬಾರದು, ಕೆಫೀನ್ ಉಸಿರನ್ನು ಏರಿಸುತ್ತದೆ. ಹೊಟ್ಟೆ ತುಂಬ ಬನ್ಸ್ ತಿಂದು ಬಂದರೂ ಲೆಕ್ಕ ಬೇರೆಯಾಗುತ್ತದೆ. ಊಟ ಆಗಿ ಎರಡು ಮೂರು ಗಂಟೆ ಕಳೆದಿರಲಿ. ನಿದ್ದೆಗೆಟ್ಟವರು, ಸಿಗರೇಟು ಸೇದಿ ಬಂದವರು ಇನ್ನೊಂದು ದಿನ ಬರಲಿ. ಹೆಂಗಸರಲ್ಲಿ ಮುಟ್ಟಿನ ಚಕ್ರದ ಎರಡನೇ ಅರ್ಧದಲ್ಲಿ ಪ್ರೊಜೆಸ್ಟರಾನ್ ಉಸಿರನ್ನು ಜಾಸ್ತಿ ಮಾಡುತ್ತದೆ, ಅದನ್ನು ಕೇಳಿ ಬರೆದುಕೊಳ್ಳಿ. ಇದನ್ನು ಕೇಳೋಕೆ ನಾಚಿಕೊಂಡು ಬಿಟ್ಟುಬಿಡುವವರು ತುಂಬ ಜನ.

ಬಾಯಿಗೆ ಮೌತ್‌ಪೀಸ್, ಮೂಗಿಗೆ ಕ್ಲಿಪ್, ಒಳಗೆ ಹೋಗುವ ಗಾಳಿ ಒಂದು ಕಡೆ ಹೊರಗೆ ಬರೋದು ಇನ್ನೊಂದು ಕಡೆ ಆಗುವ ವಾಲ್ವ್, ಉಸಿರಿನ ಪ್ರಮಾಣ ಅಳೆಯೋಕೆ ನ್ಯುಮೋಟ್ಯಾಕ್ ಅಥವಾ ಟರ್ಬೈನ್, ಉಸಿರಿನ ಕೊನೆಯ ಗಾಳಿಯಲ್ಲಿ ಕಾರ್ಬನ್ ಡೈಆಕ್ಸೈಡ್ ನೋಡೋಕೆ ಕ್ಯಾಪ್ನೋಗ್ರಾಫ್, ಆಕ್ಸಿಜನ್ ನೋಡೋಕೆ ಆಕ್ಸಿಜನ್ ಅನಲೈಸರ್, ಜೊತೆಗೆ ಪಲ್ಸ್ ಆಕ್ಸಿಮೀಟರ್. ಸಾಮಾನು ಇಷ್ಟೇ. ಪ್ರತಿ ದಿನ 3 ಲೀಟರ್ ಸಿರಿಂಜಿನಿಂದ ಅಳತೆ ಸರಿ ನೋಡಿ. ಸಿಲಿಂಡರ್ ಬಣ್ಣ ನೋಡಿ ಗಾಳಿ ಯಾವುದು ಅಂತ ನಿರ್ಧರಿಸಬೇಡಿ, ಲೇಬಲ್ ಓದಿ, ಅನಲೈಸರ್‌ಗೆ ಕೊಟ್ಟು ಖಚಿತ ಮಾಡಿಕೊಳ್ಳಿ.

ಕರಾವಳಿಯ ಸೆಕೆಗೆ ಮೂಗಿನ ಕ್ಲಿಪ್ ಜಾರುತ್ತದೆ. ಸುಮ್ನೆ ಹೇಳುತ್ತಿಲ್ಲ, ಅರ್ಧ ಪರೀಕ್ಷೆಗಳು ಹಾಳಾಗೋದು ಇದರಿಂದಲೇ. ಬೆವರಿಗೆ ಒಂದು ಬದಿ ಸ್ವಲ್ಪ ಸಡಿಲವಾಗಿ ಮೂಗಿನಿಂದ ಕೋಣೆಯ ಗಾಳಿ ನುಗ್ಗುತ್ತದೆ, ಸ್ಯಾಚುರೇಶನ್ ಇಳಿಯೋದೇ ಇಲ್ಲ, ನೀವು ಸಿಲಿಂಡರ್ ಬೈಯುತ್ತಾ ಕೂತಿರುತ್ತೀರಿ. ಮೂಗಿನ ಬದಿಯನ್ನು ಸ್ಪಿರಿಟ್ ಹತ್ತಿಯಿಂದ ಒರೆಸಿ ಒಣಗಿಸಿ, ಕ್ಲಿಪ್ಪಿನ ಒಳಗೆ ಒಂದು ಸಣ್ಣ ಗಾಜ್ ತುಂಡು ಇಟ್ಟು ಹಾಕಿ. ಹಾಕಿದ ಮೇಲೆ ಮೂಗಿನಿಂದ ಗಾಳಿ ಬಿಡೋಕೆ ಹೇಳಿ, ಸಣ್ಣ ಸದ್ದು ಕೇಳಿದರೂ ಮತ್ತೆ ಹಾಕಿ. ಟ್ಯೂಬಿನಲ್ಲಿ ನೀರು ಕಟ್ಟೋದು ಇನ್ನೊಂದು ಕಾಟ. ಕ್ಯಾಪ್ನೋಗ್ರಾಫ್‌ನ ಸಣ್ಣ ಟ್ಯೂಬಿನಲ್ಲಿ ಒಂದು ಹನಿ ನಿಂತರೆ ಅಂಕಿ ನಿಧಾನವಾಗಿ ಸುಳ್ಳು ಹೇಳೋಕೆ ಶುರು ಮಾಡುತ್ತದೆ. ಒಬ್ಬೊಬ್ಬರಿಗೂ ಹೊಸ ಟ್ಯೂಬ್ ಹಾಕಿ.

ಆಕ್ಸಿಮೀಟರ್ ಬೆರಳಿಗಿಂತ ಕಿವಿಗೆ ಒಳ್ಳೆಯದು. ಶ್ವಾಸಕೋಶದಿಂದ ರಕ್ತ ಕರೋಟಿಡ್ ಬಾಡಿಗೆ ಮುಟ್ಟೋಕೆ ಸುಮಾರು 6 ಸೆಕೆಂಡು. ಬೆರಳಿನ ತುದಿಯಲ್ಲಿ ಕಾಣೋಕೆ 20-30 ಸೆಕೆಂಡು, ಏಸಿಯಲ್ಲಿ ಕೈ ತಣ್ಣಗಾಗಿದ್ದರೆ ಇನ್ನೂ ತಡ. ಮದುವೆ ಸೀಸನ್‌ನಲ್ಲಿ ಮೆಹಂದಿ, ನೇಲ್ ಪಾಲಿಶ್ ತಕರಾರೂ ಕಿವಿಯಲ್ಲಿ ಇಲ್ಲ.

ಇನ್ನು ಕೂತವರ ಮನಸ್ಸು. ಉಸಿರು ಅಳೆಯುತ್ತಿದ್ದಾರೆ ಅಂತ ಗೊತ್ತಾದರೆ ಯಾರೂ ಮಾಮೂಲಿಯಾಗಿ ಉಸಿರಾಡೋದಿಲ್ಲ. ಕಿವಿಗೆ ಹೆಡ್‌ಫೋನ್ ಹಾಕಿ, ತಾಳ ಇಲ್ಲದ ಯಾವುದಾದರೂ ಮಾತುಕತೆ ಕೇಳಿಸಿ. ಹಾಡು ಬೇಡ, ಉಸಿರು ತಾಳಕ್ಕೆ ಸೇರಿಕೊಳ್ಳುತ್ತದೆ. ಪರದೆಗೆ ಬೆನ್ನು ಮಾಡಿ ಕೂರಿಸಿ. ವಾಲ್ವ್ ತಿರುಗಿಸುವ "ಟಕ್" ಶಬ್ದಕ್ಕೇ ಕೆಲವರ ಉಸಿರು ಬದಲಾಗುತ್ತದೆ. ಅದಕ್ಕೆ ನಡುನಡುವೆ ಗಾಳಿ ಬದಲಿಸದೆ ಸುಮ್ನೆ ವಾಲ್ವ್ ತಿರುಗಿಸುವ ನಾಟಕ ಮಾಡಿ. ಮೌತ್‌ಪೀಸ್ ಬಾಯಲ್ಲಿದ್ದರೂ ತುಳುವಿನಲ್ಲಿ ಏನೋ ಹೇಳೋಕೆ ಹೋಗುವವರಿದ್ದಾರೆ, ಕೈಸನ್ನೆ ಮೊದಲೇ ಮಾತಾಡಿಕೊಂಡಿರಿ. ಹತ್ತು ನಿಮಿಷ ಹೀಗೆ ಕೂತು ಉಸಿರು ಒಂದು ಹದಕ್ಕೆ ಬಂದ ಮೇಲೆ ಮಾತ್ರ ಶುರು.

ಯಾವ ವಿಧಾನ?

ನಮ್ಮ ಕಡೆಯ ಸಾಧಾರಣ ಲ್ಯಾಬಿಗೆ ನನ್ನ ವೋಟು ರೀಬ್ರೀದಿಂಗ್‌ಗೆ. 1974ರಲ್ಲಿ ರೀಬಕ್ ಮತ್ತು ಕ್ಯಾಂಪ್‌ಬೆಲ್ ಇದನ್ನು ಮುಂದಿಟ್ಟರು. ಐದಾರು ಲೀಟರ್‌ನ ಒಂದು ಬ್ಯಾಗ್, ಅದರೊಳಗಿನ ಗಾಳಿಯನ್ನೇ ಮತ್ತೆ ಮತ್ತೆ ಉಸಿರಾಡೋದು. ದೇಹ ನಿಮಿಷಕ್ಕೆ ಸುಮಾರು 250 ಮಿ.ಲೀ. ಆಕ್ಸಿಜನ್ ಬಳಸುವುದರಿಂದ ಬ್ಯಾಗಿನಲ್ಲಿ ಅದು ತಾನಾಗಿಯೇ ಇಳಿಯುತ್ತಾ ಬರುತ್ತದೆ, ನೈಟ್ರೋಜನ್ ಸೇರಿಸುವ ಗೋಜೇ ಇಲ್ಲ. ಕಾರ್ಬನ್ ಡೈಆಕ್ಸೈಡ್ ಮಾತ್ರ ಏರುತ್ತದೆ. ಅದಕ್ಕೆ ಬ್ಯಾಗಿನ ಗಾಳಿಯ ಒಂದು ಪಾಲನ್ನು ಸಣ್ಣ ಪಂಪಿನಿಂದ ಎಳೆದು ಕಾರ್ಬನ್ ಡೈಆಕ್ಸೈಡ್ ಹೀರಿಕೊಳ್ಳುವ ಸೋಡಾ ಲೈಮ್ ಡಬ್ಬಿಯ ಮೂಲಕ ಹಾಯಿಸಿ ವಾಪಸ್ ಬಿಡಬೇಕು. ಎಷ್ಟು ಪಾಲು ಹಾಯಬೇಕು ಅನ್ನೋದು ಒಂದು ತಿರುಪಿನಲ್ಲಿ ನಿಮ್ಮ ಕೈಯಲ್ಲಿ. ಪರದೆಯಲ್ಲಿ ಉಸಿರಿನ ಕೊನೆಯ ಕಾರ್ಬನ್ ಡೈಆಕ್ಸೈಡ್ ಅವರದೇ ವಿಶ್ರಾಂತಿಯ ಅಂಕಿಗಿಂತ 1-2 ಮಿ.ಮೀ. ಮೇಲೆ ಇರುವ ಹಾಗೆ ಹಿಡಿಯಿರಿ. ಕೈ ಪಳಗೋಕೆ ಟೈಮ್ ಬೇಕು. ಅಂಕಿ ಏರಿದ ಮೇಲೆ ತಿರುಪು ತಿರುಗಿಸಿದರೆ ತಡ ಆಯಿತು ಅಂತಲೇ ಲೆಕ್ಕ, ಎರಡು ಉಸಿರು ಮುಂಚೆ ಯೋಚಿಸಬೇಕು. ಸೋಡಾ ಲೈಮ್ ಪುಡಿ ಗಂಟಲಿಗೆ ಹೋಗದ ಹಾಗೆ ಫಿಲ್ಟರ್ ಹಾಕೋದು ಮರೆಯಬೇಡಿ, ಬಣ್ಣ ತಿರುಗುವ ತನಕ ಕಾಯದೆ ಬದಲಿಸುತ್ತಾ ಇರಿ.

ಎಲ್ಲ ಸರಿ ಇದ್ದರೆ ಐದಾರು ನಿಮಿಷದಲ್ಲಿ ಸ್ಯಾಚುರೇಶನ್ 80%ಕ್ಕೆ ಬರುತ್ತದೆ. ಅಷ್ಟರೊಳಗೆ ಮುಗಿಸೋದು ಒಳ್ಳೆಯದೇ. ಯಾಕೆಂದರೆ ಆಕ್ಸಿಜನ್ ಕೊರತೆಗೆ ಉಸಿರು ಮೊದಲ ಕೆಲವು ನಿಮಿಷ ಏರುತ್ತದೆ, ಆಮೇಲೆ ಕೊರತೆ ಹಾಗೇ ಇದ್ದರೂ 20-30 ನಿಮಿಷದಲ್ಲಿ ಅರ್ಧಕ್ಕರ್ಧ ಇಳಿದುಬಿಡಬಹುದು. ಈ ಇಳಿತ ನೋಡೋದೇ ನಿಮ್ಮ ಪ್ರಾಜೆಕ್ಟ್ ಅಲ್ಲದಿದ್ದರೆ ಅದು ಶುರುವಾಗುವ ಮುಂಚೆಯೇ ಎದ್ದುಬಿಡಿ. ಒಂದೊಂದು ಆಕ್ಸಿಜನ್ ಮಟ್ಟದಲ್ಲಿ ಇಪ್ಪತ್ತು ನಿಮಿಷ ಕೂರಿಸಿ ಅಳೆಯುವ ಹಳೇ ಸ್ಟೆಡಿ ಸ್ಟೇಟ್ ವಿಧಾನದ ತಲೆನೋವೇ ಇದು: ಏರಿಕೆ ಮತ್ತು ಇಳಿತ ಒಂದರೊಳಗೊಂದು ಕಲೆಸಿಹೋಗುತ್ತವೆ.

ನೈಟ್ರೋಜನ್ ವಿಧಾನ ಇನ್ನೂ ಚಿಕ್ಕದು. ಶುದ್ಧ ನೈಟ್ರೋಜನ್ ಎರಡರಿಂದ ಎಂಟು ಉಸಿರು ಕೊಟ್ಟು ತಕ್ಷಣ ಮಾಮೂಲಿ ಗಾಳಿಗೆ ತಿರುಗಿಸೋದು, ಆಮೇಲಿನ ಉಸಿರುಗಳಲ್ಲಿ ದೊಡ್ಡವನ್ನು ಹಿಡಿಯೋದು. ಪ್ರತಿ ಸಲ ಉಸಿರಿನ ಸಂಖ್ಯೆ ಬದಲಿಸಿ, ನಡುವೆ ಕೆಲವು ನಿಮಿಷ ಬಿಡಿ. ಕೆಲವೇ ಸೆಕೆಂಡಿನ ಮಾತಾದ್ದರಿಂದ ಕಾರ್ಬನ್ ಡೈಆಕ್ಸೈಡ್ ಕಾಟ ಹೆಚ್ಚು ಇರೋದಿಲ್ಲ, ಬಹುಪಾಲು ಕರೋಟಿಡ್ ಬಾಡಿಯ ಉತ್ತರವೇ ಸಿಗುತ್ತದೆ. ಆದರೆ ವಾಲ್ವ್ ನೈಟ್ರೋಜನ್ ಕಡೆಗೇ ಉಳಿದರೆ ಕಥೆ ಮುಗಿಯಿತು. ವಾಲ್ವ್ ಹಿಡಿದವರು ಬೇರೆ ಯಾವ ಕೆಲಸವನ್ನೂ ಮಾಡಬಾರದು, ಫೋನು ಬಂದರೂ ಸರಿ. ನೈಟ್ರೋಜನ್‌ ಅನ್ನು ಸಿಲಿಂಡರ್‌ನಿಂದ ನೇರ ಕೊಡದೆ ಸಣ್ಣ ಬ್ಯಾಗಿಗೆ ತುಂಬಿಸಿ ಕೊಡಿ, ಖಾಲಿಯಾದರೆ ಬ್ಯಾಗೇ ನಿಲ್ಲಿಸುತ್ತದೆ. ಅನುಭವ ಇರುವ ಗೈಡ್ ಪಕ್ಕದಲ್ಲಿ ಇಲ್ಲದಿದ್ದರೆ ಈ ವಿಧಾನ ಬಿಟ್ಟುಬಿಡಿ.

ಹೆದರಿಕೆ ಇರುವವರಿಗೆ ತಿರುಗುಮುರುಗು ದಾರಿಯೊಂದಿದೆ. ಫ್ರಾನ್ಸಿನ ದೆಜೂರ್ ಅವರ ಹೆಸರಿನ ಪರೀಕ್ಷೆ. ಆಕ್ಸಿಜನ್ ಇಳಿಸೋ ಬದಲು ಒಂದೆರಡು ಉಸಿರು 100% ಆಕ್ಸಿಜನ್ ಕೊಡಿ. ಕರೋಟಿಡ್ ಬಾಡಿ ಕ್ಷಣಕಾಲ ಸುಮ್ಮನಾಗುತ್ತದೆ, ಕೆಲವು ಸೆಕೆಂಡು ಉಸಿರು ಇಳಿಯುತ್ತದೆ. ಆ ಇಳಿತವೇ ಅದರ ಪಾಲು. ಅಪಾಯ ಬಹಳ ಕಡಿಮೆ. ಆದರೆ ಸಮುದ್ರ ಮಟ್ಟದಲ್ಲಿ ಕೂತವರಲ್ಲಿ ಇಳಿತ ಸಣ್ಣದು, ಉಸಿರಿನ ಮಾಮೂಲಿ ಏರುಪೇರಿನಲ್ಲಿ ಮುಚ್ಚಿಹೋಗುತ್ತದೆ. ಹಲವು ಸಲ ಮಾಡಿ ಸರಾಸರಿ ತೆಗೆಯಬೇಕು. ಪದವಿ ತರಗತಿಯ ಪ್ರಾತ್ಯಕ್ಷಿಕೆಗೆ ಇದೇ ಸರಿ.

ದುಡ್ಡು ಇರುವ ಲ್ಯಾಬುಗಳಲ್ಲಿ ಎಂಡ್ ಟೈಡಲ್ ಫೋರ್ಸಿಂಗ್ ಅಂತ ಮಾಡುತ್ತಾರೆ. ಪ್ರತಿ ಉಸಿರನ್ನೂ ಕಂಪ್ಯೂಟರ್ ನೋಡಿ ಮುಂದಿನ ಉಸಿರಿನ ಗಾಳಿ ಬೆರೆಸುತ್ತದೆ. ಚೆಂದದ್ದು, ದುಬಾರಿ.

ಆಸ್ಪತ್ರೆಯಲ್ಲಿ ಶ್ವಾಸಕೋಶದ ಕಾಯಿಲೆ ಇರುವವರಿಗೆ ವಿಮಾನ ಹತ್ತುವ ಮುಂಚೆ 15% ಆಕ್ಸಿಜನ್ 20 ನಿಮಿಷ ಕೊಟ್ಟು ನೋಡುವ ಪರೀಕ್ಷೆಯೇ ಬೇರೆ. ವಿಮಾನದ ಕ್ಯಾಬಿನ್ ಅಂದರೆ ಹೆಚ್ಚೆಂದರೆ 2438 ಮೀಟರ್ ಎತ್ತರ ಇದ್ದ ಹಾಗೆ. ಸ್ಯಾಚುರೇಶನ್ 85%ಗಿಂತ ಕೆಳಗೆ ಹೋದರೆ ವಿಮಾನದಲ್ಲಿ ಆಕ್ಸಿಜನ್ ಬೇಕು ಅಂತ ತೀರ್ಮಾನಿಸುತ್ತಾರೆ. ಅಲ್ಲಿ ಉಸಿರು ಎಷ್ಟು ಏರಿತು ಅಂತ ಯಾರೂ ಕೇಳೋದಿಲ್ಲ.

ಲೆಕ್ಕ

ಉಸಿರನ್ನು ಆಕ್ಸಿಜನ್ ಒತ್ತಡದ ಎದುರು ಬರೆದರೆ ಗೆರೆ ಬಾಗುತ್ತದೆ, 60 ಮಿ.ಮೀ. ತನಕ ಹೆಚ್ಚೇನೂ ಆಗದೆ ಆಮೇಲೆ ಒಮ್ಮೆಲೇ ಏರುತ್ತದೆ. ಸ್ಯಾಚುರೇಶನ್ ಎದುರು ಬರೆದರೆ ಹೆಚ್ಚುಕಡಿಮೆ ನೇರ ಗೆರೆ. ಹಾಗಾಗಿ ಇದೇ ಸುಲಭ. ಉದಾಹರಣೆಗೆ 97% ಇದ್ದಾಗ ನಿಮಿಷಕ್ಕೆ 8 ಲೀಟರ್, 80% ಆದಾಗ 25 ಲೀಟರ್ ಅಂದುಕೊಳ್ಳಿ. 17% ಇಳಿತಕ್ಕೆ 17 ಲೀಟರ್ ಏರಿಕೆ, ಅಂದರೆ ಪ್ರತಿ ಶೇಕಡಾ ಇಳಿತಕ್ಕೆ 1 ಲೀಟರ್. ಆದರೆ ಎರಡೇ ಬಿಂದು ಹಿಡಿದು ಗೆರೆ ಎಳೆಯಬೇಡಿ, ಎಲ್ಲ ಉಸಿರುಗಳನ್ನೂ ಹಾಕಿ ಎಳೆಯಿರಿ. ಮತ್ತೆ ಆಕ್ಸಿಮೀಟರ್ ತಡವನ್ನು ಸರಿಸೋದು ಮರೆಯಬೇಡಿ, ಇಲ್ಲದಿದ್ದರೆ ಈಗಿನ ಉಸಿರನ್ನು ಅರ್ಧ ನಿಮಿಷ ಹಳೇ ಸ್ಯಾಚುರೇಶನ್ ಜೊತೆ ಮದುವೆ ಮಾಡಿಸಿದ ಹಾಗಾಗುತ್ತದೆ.

ನಮ್ಮೂರಿಗೇ ಬೇಕಾದ ಒಂದು ಮಾತು ಇಲ್ಲಿದೆ. ಬ್ಯಾಗಿನಲ್ಲೋ ಸ್ಪೈರೋಮೀಟರ್‌ನಲ್ಲೋ ಅಳೆದ ಗಾಳಿಯನ್ನು ದೇಹದ ಬಿಸಿಗೆ ಪರಿವರ್ತಿಸಬೇಕಲ್ಲ, ಅದಕ್ಕೆ ಬಿಟಿಪಿಎಸ್ ಅನ್ನುತ್ತೇವೆ. ಚಳಿ ದೇಶದ ಪುಸ್ತಕ ನೋಡಿ ಕಣ್ಣುಮುಚ್ಚಿ 1.1ರಿಂದ ಗುಣಿಸುವವರು ಇದ್ದಾರೆ. ಅದು 20 ಡಿಗ್ರಿ ಕೋಣೆಗೆ. ಏಸಿ ಇಲ್ಲದ ನಮ್ಮ 30 ಡಿಗ್ರಿ ಕೋಣೆಗೆ ಗುಣಕ 1.045. ಹಾಗೇ ಬಿಟ್ಟರೆ ಉಸಿರು 5% ಜಾಸ್ತಿ ಬರುತ್ತದೆ. ಗೋಡೆಗೊಂದು ಥರ್ಮಾಮೀಟರ್ ನೇತುಹಾಕಿ, ಪ್ರತಿ ಪರೀಕ್ಷೆಗೂ ಬರೆದುಕೊಳ್ಳಿ.

ಟ್ರೆಕ್ಕಿಂಗ್‌ನವರ ಪ್ರಶ್ನೆ ಒಂದೇ: "ಇದು ಮಾಡಿಸಿದರೆ ಲಡಾಖ್‌ನಲ್ಲಿ ನನಗೆ ತಲೆನೋವು, ವಾಂತಿ ಬರುತ್ತದಾ ಅಂತ ಗೊತ್ತಾಗುತ್ತದಾ?" ಅಷ್ಟು ನೆಚ್ಚಿಕೊಳ್ಳಬೇಡಿ. ಎತ್ತರದಲ್ಲಿ ಶ್ವಾಸಕೋಶಕ್ಕೆ ನೀರು ತುಂಬುವ ತೊಂದರೆ ಆದವರಲ್ಲಿ ಈ ಉತ್ತರ ಸ್ವಲ್ಪ ಮಂದ ಇರೋದು ಕಂಡಿದೆ. ಆದರೆ ಒಬ್ಬರನ್ನು ಕೂರಿಸಿ ಅಳೆದು ಹೋಗಬಹುದು, ಹೋಗಬಾರದು ಅಂತ ಹೇಳುವಷ್ಟು ಗಟ್ಟಿ ಅಂಕಿ ಇದಲ್ಲ. ಅಲ್ಲಿ ಹೋಗಿ ಕೆಲವು ದಿನ ಉಳಿದರೆ ಈ ಉತ್ತರವೇ ಜೋರಾಗುತ್ತದೆ, ಅದಕ್ಕೇ ನಿಧಾನ ಹತ್ತಿ ಅನ್ನೋದು. ಮುಳ್ಳಯ್ಯನಗಿರಿ ಹತ್ತಿ ನೋಡಿಕೊಳ್ಳುತ್ತೇನೆ ಅನ್ನುವವರಿಗೂ ಅದೇ ಉತ್ತರ. 1930 ಮೀಟರ್ ಅಂದರೆ ಇಲ್ಲಿ 16-17% ಆಕ್ಸಿಜನ್ ಕೊಟ್ಟ ಹಾಗೆ, ಸ್ಯಾಚುರೇಶನ್ ಅಷ್ಟಾಗಿ ಇಳಿಯೋದೇ ಇಲ್ಲ. ಉಸಿರು ಬಿಗಿಹಿಡಿದು ಎಷ್ಟು ಹೊತ್ತು ಇರಬಹುದು ಅಂತ ನೋಡೋದೂ ಈ ಪರೀಕ್ಷೆ ಅಲ್ಲ, ಅಲ್ಲಿ ಹಿಡಿದ ಉಸಿರನ್ನು ಬಿಡಿಸೋದರಲ್ಲಿ ಕಾರ್ಬನ್ ಡೈಆಕ್ಸೈಡ್ ಪಾಲು ದೊಡ್ಡದು. ಮುಳುಗುವ ಮುಂಚೆ ಜೋರಾಗಿ ಉಸಿರಾಡಿ ಅದನ್ನು ಕಡಿಮೆ ಮಾಡಿಕೊಂಡು ಹೆಚ್ಚು ಹೊತ್ತು ನೀರೊಳಗೆ ಇರುವ ಹುಡುಗರು ಕೆರೆಯಲ್ಲಿ, ಈಜುಕೊಳದಲ್ಲಿ ಪ್ರಜ್ಞೆ ತಪ್ಪೋದು ಇದೇ ಲೆಕ್ಕದಲ್ಲಿ.

ಒಬ್ಬರದೇ ಅಂಕಿ ದಿನದಿಂದ ದಿನಕ್ಕೆ ಸಾಕಷ್ಟು ಆಚೀಚೆ ಆಗುತ್ತದೆ. ಅದಕ್ಕೆ ಕನಿಷ್ಠ ಎರಡು ಬೇರೆ ದಿನ, ಅದೇ ಹೊತ್ತಿಗೆ ಅಳೆಯಿರಿ. ಮುಗಿದ ಮೇಲೆ ಸ್ಯಾಚುರೇಶನ್ ಮೊದಲಿನ ಮಟ್ಟಕ್ಕೆ ಬಂದು ಹದಿನೈದು ನಿಮಿಷ ಆಗುವ ತನಕ ಯಾರನ್ನೂ ಬಿಡಬೇಡಿ, ಸ್ಕೂಟರ್ ಕೀ ಅಲ್ಲಿಯವರೆಗೆ ನಿಮ್ಮ ಮೇಜಿನ ಮೇಲೆಯೇ ಇರಲಿ. ಕಾಫಿ ಬಿಟ್ಟು ಬಂದವರಿಗೆ ಆಗ ಒಂದು ಕಾಫಿ ತರಿಸಿ.